ಓಂಬ್ಳೆಯವರ ಹೆಸರು ಹೇಳುವ ಮುನ್ನ

ಮಕ್ಕಳೇ, ಈ ಸಲ ನವೆಂಬರ್ 26ಕ್ಕೆ ಏನು ಮಾಡೋಣ ಎಂದು ಕೇಳಿದಿರಿ. ಫ್ಲೆಕ್ಸ್ ಹಾಕಿ, ಮೇಣದ ಬತ್ತಿ ಹಚ್ಚಿ, ಎರಡು ನಿಮಿಷ ಮೌನವಾಗಿ ನಿಂತು ಮನೆಗೆ ಹೋಗುವುದಕ್ಕೆ ಈ ವರ್ಷ ಮನಸ್ಸು ಒಪ್ಪುತ್ತಿಲ್ಲ ಎಂದೂ ಹೇಳಿದಿರಿ. ಹಾಗೆ ಅನ್ನಿಸಿದ್ದೇ ಒಳ್ಳೆಯದಾಯಿತು. ನನಗೆ ತೋಚಿದ್ದನ್ನು ಹೇಳುತ್ತೇನೆ. ಮೊದಲು ಒಂದು ಜೇಡದ ವಿಷಯ.

2021ರಲ್ಲಿ ಧ್ರುವ್ ಪ್ರಜಾಪತಿ ಮತ್ತು ಅವರ ಜೊತೆಗಾರ ಸಂಶೋಧಕರು ನಮ್ಮ ಠಾಣೆ–ಕಲ್ಯಾಣ ಭಾಗದಲ್ಲಿ ಸಿಕ್ಕ ಒಂದು ಜೇಡವನ್ನು ಲೋಕಕ್ಕೆ ಪರಿಚಯಿಸಿದರು. ನೆಗೆಯುವ ಜೇಡಗಳ ಕುಟುಂಬದ್ದು. ಇವು ಬಲೆ ಕಟ್ಟಿ ಕಾಯುವುದಿಲ್ಲ. ಗೋಡೆಯ ಮೇಲೆ, ಎಲೆಯ ಮೇಲೆ ಓಡಾಡುತ್ತ, ಮುಂದಿನ ಎರಡು ದೊಡ್ಡ ಕಣ್ಣುಗಳಿಂದ ಬೇಟೆಯನ್ನು ದಿಟ್ಟಿಸಿ ಒಮ್ಮೆಲೇ ಹಾರುತ್ತವೆ. ನಿಮ್ಮ ಬಾಲ್ಕನಿಯ ಕುಂಡಗಳಲ್ಲೂ ಇವುಗಳ ಬಳಗದವು ಇದ್ದೇ ಇರುತ್ತವೆ. ಹೊಸದಾಗಿ ಸಿಕ್ಕ ಆ ಜೇಡಕ್ಕೆ ಅವರು ಇಟ್ಟ ಹೆಸರು ‘ಇಸಿಯಸ್ ತುಕಾರಾಮಿ’. 2008ರ ಮುಂಬೈ ದಾಳಿಯ ರಾತ್ರಿ ಗಿರಗಾಂವ್ ಚೌಪಾಟಿಯಲ್ಲಿ ದಾಳಿಕೋರ ಕಸಬನ ಬಂದೂಕನ್ನು ಬರಿಗೈಯಲ್ಲಿ ಹಿಡಿದು ಪ್ರಾಣ ಬಿಟ್ಟ ಎ.ಎಸ್.ಐ. ತುಕಾರಾಂ ಓಂಬ್ಳೆಯವರ ನೆನಪಿಗೆ. ಅವರು 23 ಗುಂಡುಗಳನ್ನು ಮೈಮೇಲೆ ತೆಗೆದುಕೊಂಡವರು ಎಂದು ಆ ಸಂಶೋಧನಾ ಪ್ರಬಂಧದಲ್ಲೇ ಬರೆದಿದ್ದಾರೆ.

ಇದೇ ಪ್ರಜಾಪತಿಯವರು ಅದಕ್ಕೂ ಮೊದಲು ಇನ್ನೊಂದು ಜೇಡಕ್ಕೆ ಸಚಿನ್ ತೆಂಡೂಲ್ಕರರ ಹೆಸರಿಟ್ಟಿದ್ದರು. ಜಗತ್ತೇ ಬಲ್ಲ ಆಟಗಾರನಿಗೆ ಸಂದ ಗೌರವ ಒಬ್ಬ ಎ.ಎಸ್.ಐ.ಗೂ ಸಂದಿತು. ಇದನ್ನು ಓದಿದಾಗ ನನಗೆ ಆದ ಹಿಗ್ಗು ಸಣ್ಣದಲ್ಲ.

ಆದರೆ ನಾನು ಇದನ್ನು ಹೇಳುತ್ತಿರುವುದು ಹಿಗ್ಗಿಗಾಗಿ ಅಲ್ಲ. ಒಂದು ಜೇಡಕ್ಕೆ ಹೆಸರಿಡುವುದು ರಸ್ತೆಗೆ ಬೋರ್ಡು ಹಾಕಿದಷ್ಟು ಸುಲಭವಲ್ಲ. ಹುಡುಕಿ ಹಿಡಿಯಬೇಕು. ಸೂಕ್ಷ್ಮದರ್ಶಕದ ಕೆಳಗಿಟ್ಟು ಕಾಲಿನ ಒಂದೊಂದು ಗಂಟನ್ನೂ ಮಿಲಿಮೀಟರಿನ ಭಾಗಗಳಲ್ಲಿ ಅಳೆಯಬೇಕು. ಹತ್ತಿರದ ಜಾತಿಗಳ ಹಳೆಯ ವಿವರಣೆಗಳನ್ನೆಲ್ಲ ತೆಗೆದು, ಇದು ಅವುಗಳಲ್ಲಿ ಯಾವುದೂ ಅಲ್ಲ ಎಂದು ತೋರಿಸಬೇಕು. ಮುಂದೆ ಯಾರಾದರೂ ಸಂಶಯಪಟ್ಟರೆ ಬಂದು ನೋಡಲಿ ಎಂದು ಆ ಮಾದರಿಯನ್ನೇ ಸಂಗ್ರಹಾಲಯದಲ್ಲಿ ಇಡಬೇಕು. ಇಷ್ಟೆಲ್ಲ ಆದ ಮೇಲೆ ಹೆಸರು. ಹೀಗೆ ನಿಯಮದ ಪ್ರಕಾರ ಇಟ್ಟ ಹೆಸರನ್ನು ಅಧಿಕಾರಕ್ಕೆ ಬಂದವರು ತಮಗೆ ಬೇಕಾದಂತೆ ಬದಲಿಸಲು ಬರುವುದಿಲ್ಲ. ಆ ಸಂಶೋಧಕರು ಓಂಬ್ಳೆಯವರಿಗೆ ಕೊಟ್ಟದ್ದು ಬರೀ ಹೆಸರನ್ನಲ್ಲ, ತಮ್ಮ ಕಸುಬಿನ ಅತ್ಯಂತ ಜಾಗರೂಕ ಕೆಲಸವನ್ನು. ನೀವು ಜೇಡ ಹುಡುಕಬೇಕಿಲ್ಲ. ಆ ಜಾಗರೂಕತೆಯನ್ನು ಮಾತ್ರ ಅವರಿಂದ ಕಲಿಯಿರಿ. ಓಂಬ್ಳೆಯವರ ಬಗ್ಗೆ ವೇದಿಕೆಯ ಮೇಲೆ ಬಾಯಿ ತೆರೆಯುವ ಮುನ್ನ, ಅವರು ಯಾರು, ಆ ರಾತ್ರಿ ನಡೆದದ್ದೇನು, ಅದರಿಂದ ಆದದ್ದೇನು ಎಂದು ಸರಿಯಾಗಿ ತಿಳಿದುಕೊಳ್ಳಿ.

ಸಾತಾರಾ ಜಿಲ್ಲೆಯ ಕೇಡಂಬೆ ಎಂಬ ಹಳ್ಳಿಯವರು ಅವರು. ಸೈನ್ಯದ ಸಿಗ್ನಲ್ ದಳದಲ್ಲಿ ಸೇವೆ ಮುಗಿಸಿ, ನಾಯಕ್ ಆಗಿ ನಿವೃತ್ತರಾಗಿ, 1991ರಲ್ಲಿ ಮುಂಬೈ ಪೊಲೀಸಿಗೆ ಸೇರಿದರು. 2008ರಲ್ಲಿ ಡಿ.ಬಿ. ಮಾರ್ಗ್ ಠಾಣೆಯ ಸಹಾಯಕ ಸಬ್ ಇನ್ಸ್‌ಪೆಕ್ಟರ್. ಐವತ್ತು ದಾಟಿದ, ಮಕ್ಕಳೊಂದಿಗ. ಕಮಾಂಡೊ ಅಲ್ಲ, ದೊಡ್ಡ ಅಧಿಕಾರಿಯೂ ಅಲ್ಲ.

ಆ ರಾತ್ರಿ ಇಸ್ಮಾಯಿಲ್ ಖಾನ್ ಮತ್ತು ಅಜ್ಮಲ್ ಕಸಬ್ ಎಂಬ ಇಬ್ಬರು ಸಿ.ಎಸ್.ಟಿ. ರೈಲು ನಿಲ್ದಾಣದಲ್ಲಿ ದೂರದೂರಿನ ರೈಲಿಗೆ ಕಾಯುತ್ತಿದ್ದವರ ಮೇಲೆ ಗುಂಡಿನ ಮಳೆಗರೆದರು. ಐವತ್ತಕ್ಕೂ ಹೆಚ್ಚು ಜನ ಅಲ್ಲಿಯೇ ಹೋದರು. ರೈಲ್ವೆ ಪೊಲೀಸಿನ ಇನ್ಸ್‌ಪೆಕ್ಟರ್ ಶಶಾಂಕ್ ಶಿಂಧೆ ಸತ್ತದ್ದೂ ಅಲ್ಲೇ. ಪಕ್ಕದಲ್ಲಿ ನಮ್ಮ ಲೋಕಲ್‌ಗಳ ಪ್ಲಾಟ್‌ಫಾರ್ಮುಗಳು. ಠಾಣೆ, ಡೊಂಬಿವಲಿ, ಕಲ್ಯಾಣಕ್ಕೆ ಮನೆಗೆ ಮರಳುವ ಜನ ಇಳಿದು ಹತ್ತುವ ಹೊತ್ತು ಅದು. ಪ್ರಕಟಣೆ ಮಾಡುವ ವಿಷ್ಣು ಝೆಂಡೆಯವರು ಕುಳಿತಲ್ಲಿಂದ ಕದಲದೆ, ಹಿಂದಿನ ದಾರಿಯಿಂದ ಹೊರಗೆ ಹೋಗಿ ಎಂದು ಮತ್ತೆ ಮತ್ತೆ ಕೂಗಿ ಹೇಳದಿದ್ದರೆ ನಮ್ಮ ಊರುಗಳಲ್ಲಿ ಎಷ್ಟು ಮನೆಗಳು ಕತ್ತಲಾಗುತ್ತಿದ್ದವೋ. ಅವರ ಹೆಸರನ್ನೂ ಹೇಳಿ ನಿಮ್ಮ ಕಾರ್ಯಕ್ರಮದಲ್ಲಿ.

ಸಿ.ಎಸ್.ಟಿ.ಯಿಂದ ಹೊರಬಿದ್ದ ಇಬ್ಬರೂ ಕಾಮಾ ಆಸ್ಪತ್ರೆಯತ್ತ ಹೋದರು. ಅದರ ಬದಿಯ ಓಣಿಯಲ್ಲಿ ಪೊಲೀಸ್ ಅಧಿಕಾರಿಗಳಾದ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಒಂದೇ ವಾಹನದಲ್ಲಿದ್ದಾಗ ಗುಂಡಿಗೆ ಬಲಿಯಾದರು. ಕಾಮ್ಟೆಯವರು ಅದಕ್ಕೂ ಮುಂಚೆ ಸೊಲ್ಲಾಪುರದ ಪೊಲೀಸ್ ಕಮಿಷನರ್ ಆಗಿದ್ದವರು. ಆ ಕಡೆಯ ಕನ್ನಡಿಗರು ಅವರನ್ನು ಕಂಡವರು. ಕರ್ಕರೆಯವರು ಭಯೋತ್ಪಾದನಾ ನಿಗ್ರಹ ದಳದ ಮುಖ್ಯಸ್ಥರು. ಅದೇ 2008ರಲ್ಲಿ ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹದಲ್ಲಿ ಬಾಂಬ್ ಸಿಕ್ಕಿ, ಕೆಲವೇ ದಿನಗಳಲ್ಲಿ ಠಾಣೆಯ ಗಡಕರಿ ರಂಗಾಯತನದಲ್ಲಿ ಸ್ಫೋಟವಾಗಿ ಜನ ಗಾಯಗೊಂಡಾಗ ಅದರ ತನಿಖೆ ಮಾಡಿದ್ದು ಅವರ ದಳವೇ. ನೀವು ನಾಟಕ ನೋಡಲು ಹೋಗುವ ರಂಗಮಂದಿರ ಅದು. ಈ ಅಧಿಕಾರಿಗಳು ಕಾವಲು ಕಾದದ್ದು ದಕ್ಷಿಣ ಮುಂಬೈಯ ದೊಡ್ಡ ಹೋಟೆಲುಗಳನ್ನು ಮಾತ್ರ ಎಂದುಕೊಳ್ಳಬೇಡಿ.

ಆ ಇಬ್ಬರು ದಾಳಿಕೋರರು ಮುಂದೆ ಹೋದದ್ದು ಮೊದಲು ಪೊಲೀಸ್ ವಾಹನದಲ್ಲಿ, ಆಮೇಲೆ ಕಸಿದುಕೊಂಡ ಸ್ಕೋಡಾ ಕಾರಿನಲ್ಲಿ. ವೈರ್‌ಲೆಸ್ಸಿನಲ್ಲಿ ಸುದ್ದಿ ಬಂದು ಗಿರಗಾಂವ್ ಚೌಪಾಟಿಯಲ್ಲಿ ಡಿ.ಬಿ. ಮಾರ್ಗ್ ಠಾಣೆಯವರು ನಾಕಾಬಂದಿ ಹಾಕಿದ್ದರು. ಆಗಲೇ ನಡುರಾತ್ರಿ ದಾಟಿತ್ತು. ಕ್ಯಾಲೆಂಡರಿನ ಲೆಕ್ಕದಲ್ಲಿ ಅದು 27ನೇ ತಾರೀಕು. ಕಾರು ತುಸು ದೂರದಲ್ಲಿ ನಿಂತಿತು. ಹೆಡ್‌ಲೈಟ್ ಕಣ್ಣಿಗೆ ರಾಚುತ್ತಿತ್ತು; ಒಳಗೆ ಯಾರಿದ್ದಾರೆ ಎಂದು ಕಾಣದ ಹಾಗೆ ಗಾಜಿನ ಮೇಲೆ ನೀರು ಚಿಮ್ಮಿಸಿ ವೈಪರ್ ಹಾಕಿದ್ದರು. ಹಿಂದಕ್ಕೆ ತಿರುಗಿಸಲು ಹೋಗಿ ಕಾರು ಡಿವೈಡರಿಗೆ ಬಡಿಯಿತು. ಗುಂಡು ಹಾರಿಸುತ್ತಿದ್ದ ಇಸ್ಮಾಯಿಲ್ ಪೊಲೀಸರ ಗುಂಡಿಗೆ ಬಿದ್ದ. ಎಡಬದಿಯಿಂದ ಹೊರಬಂದ ಕಸಬನ ಕೈಯಲ್ಲಿ ಎ.ಕೆ. 47. ಓಂಬ್ಳೆಯವರ ಕೈಯಲ್ಲಿ ಲಾಠಿ. ಅವರು ಬಂದೂಕಿನ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದರು. ಕುದುರೆ ಎಳೆದ ಕಸಬ್. ಗುಂಡುಗಳು ಅವರ ಮೈಯನ್ನೇ ಹೊಕ್ಕವು. ಅವರು ಹಿಡಿತ ಬಿಡಲಿಲ್ಲ. ಜೊತೆಗಿದ್ದ ಸಂಜಯ್ ಗೋವಿಲ್ಕರ್ ಅವರೂ ಗುಂಡು ತಗಲಿ ಗಾಯಗೊಂಡರು. ಉಳಿದವರು ಮೇಲೆ ಬಿದ್ದು ಕಸಬನನ್ನು ಜೀವಸಹಿತ ಹಿಡಿದರು.

ಬಂದ ಹತ್ತು ಮಂದಿಯಲ್ಲಿ ಜೀವಸಹಿತ ಸಿಕ್ಕವನು ಆ ಒಬ್ಬನೇ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹೆಚ್ಚಿನವರು ‘ಶೌರ್ಯ’ ಎಂದು ಹೇಳಿ ಮುಂದೆ ಹೋಗಿಬಿಡುತ್ತಾರೆ. ಶೌರ್ಯ ಹೌದು, ಅದಕ್ಕಾಗಿಯೇ 2009ರ ಗಣರಾಜ್ಯೋತ್ಸವದಲ್ಲಿ ಅಶೋಕ ಚಕ್ರ ಸಂದಿತು. ಆದರೆ ಆ ಹಿಡಿತದಿಂದ ದೇಶಕ್ಕೆ ಸಿಕ್ಕದ್ದೇನು?

ದಾಳಿಯ ತನಿಖೆಯನ್ನು ನಡೆಸಿದ ರಾಕೇಶ್ ಮಾರಿಯಾ ಅವರು 2020ರಲ್ಲಿ ಹೊರಬಂದ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ: ದಾಳಿಕೋರರ ಲೆಕ್ಕದ ಪ್ರಕಾರ ಎಲ್ಲ ನಡೆದಿದ್ದರೆ ಕಸಬ್ ಸಾಯುತ್ತಿದ್ದದ್ದು ಕೈಗೆ ಕೆಂಪು ದಾರ ಕಟ್ಟಿಕೊಂಡು, ಸಮೀರ್ ದಿನೇಶ್ ಚೌಧರಿ ಎಂಬ ಹೆಸರಿನಲ್ಲಿ. ಕಿಸೆಯಲ್ಲಿ ಹೈದರಾಬಾದಿನ ಕಾಲೇಜೊಂದರ ಸುಳ್ಳು ಗುರುತಿನ ಚೀಟಿ. ಅದರಲ್ಲಿದ್ದ ವಿಳಾಸ ಯಾವುದು ಗೊತ್ತೇ? ಬೆಂಗಳೂರಿನ ನಾಗರಭಾವಿ. ನಾವು ಕರ್ನಾಟಕದಿಂದ ಬಂದು ಇಲ್ಲಿ ಬಾಳುತ್ತಿರುವವರು. ಮರುದಿನ ಬೆಳಗ್ಗೆ ಪತ್ರಿಕೆಗಳಲ್ಲಿ ‘ಬೆಂಗಳೂರಿನ ಯುವಕ’ ಎಂದು ಬಂದಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ. ಒಬ್ಬರ ಮೇಲೆ ಒಬ್ಬರಿಗೆ ಸಂಶಯ ಹುಟ್ಟಿಸಿ, ಈ ಊರು ತನ್ನನ್ನು ತಾನೇ ಕಚ್ಚಿಕೊಳ್ಳುವಂತೆ ಮಾಡುವ ಯೋಜನೆ ಅದು. ಸತ್ತವನ ಕಿಸೆಯ ಚೀಟಿ ಹೇಳಿದ್ದೇ ನಿಜವಾಗಿಬಿಡುತ್ತಿತ್ತು. ಕಸಬ್ ಬದುಕಿ ಸಿಕ್ಕಿದ್ದರಿಂದ ಆ ಸುಳ್ಳು ನೆಲಕಚ್ಚಿತು. ಎಲ್ಲಿಂದ ಬಂದರು, ಯಾವ ದೋಣಿಯಲ್ಲಿ ಬಂದರು, ಯಾರು ಕಳಿಸಿದರು ಎಂಬುದೆಲ್ಲ ನ್ಯಾಯಾಲಯದ ಕಡತಕ್ಕೆ ಸೇರಿತು.

ಆಮೇಲೆ ನಡೆದದ್ದನ್ನೂ ಮರೆಯಬೇಡಿ. ಆರ್ಥರ್ ರೋಡ್ ಜೈಲಿನಲ್ಲಿ ವಿಶೇಷ ನ್ಯಾಯಾಲಯ ಕೂತಿತು. ಕಸಬನಿಗೂ ವಕೀಲರನ್ನು ಕೊಟ್ಟರು. 2010ರ ಮೇ ತಿಂಗಳಲ್ಲಿ ನ್ಯಾಯಾಧೀಶ ಎಂ.ಎಲ್. ತಹಲಿಯಾನಿ ಅವನಿಗೆ ಮರಣದಂಡನೆ ವಿಧಿಸಿದರು. ಅದೇ ತೀರ್ಪಿನಲ್ಲಿ ಸಹ ಆರೋಪಿಗಳಾಗಿದ್ದ ಇಬ್ಬರು ಭಾರತೀಯರನ್ನು ಸಾಕ್ಷ್ಯ ಸಾಲದೆಂದು ಬಿಡುಗಡೆ ಮಾಡಿದರು. ಇಡೀ ದೇಶ ಸಿಟ್ಟಿನಿಂದ ಕುದಿಯುತ್ತಿದ್ದಾಗ ‘ಈ ಇಬ್ಬರ ಮೇಲೆ ಅಪರಾಧ ಸಾಬೀತಾಗಿಲ್ಲ’ ಎಂದು ಹೇಳುವುದಕ್ಕೆ ಎಂಥ ಗಟ್ಟಿತನ ಬೇಕು! ಹೈಕೋರ್ಟ್, ಸುಪ್ರೀಂ ಕೋರ್ಟ್ ಎರಡೂ ಅದನ್ನು ಎತ್ತಿಹಿಡಿದವು. ಕಸಬನನ್ನು 2012ರ ನವೆಂಬರ್ 21ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. 166 ಜನರ ಸಾವಿಗೆ ಈ ದೇಶ ಉತ್ತರ ಕೊಟ್ಟದ್ದು ಹೀಗೆ, ಕಾನೂನಿನ ದಾರಿಯಲ್ಲಿ. ಆ ದಾರಿ ತೆರೆದದ್ದು ಚೌಪಾಟಿಯಲ್ಲಿ ಬಿಡದ ಆ ಎರಡು ಕೈಗಳು.

ಆದ್ದರಿಂದ ಒಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಓಂಬ್ಳೆಯವರ ಫೋಟೋ ಇಟ್ಟು ಯಾವುದೋ ಒಂದು ಸಮುದಾಯವನ್ನು ಬೈಯುವ ಭಾಷಣಕ್ಕೆ ನಿಮ್ಮ ವೇದಿಕೆ ಕೊಡಬೇಡಿ. ಯಾರೇ ಕೇಳಲಿ, ಎಷ್ಟು ದೊಡ್ಡವರೇ ಇರಲಿ. ನಾವು ಪರಸ್ಪರ ದ್ವೇಷಿಸಬೇಕೆಂಬ ಆಸೆ ಇದ್ದದ್ದು ಆ ಕೆಂಪು ದಾರ ಕಟ್ಟಿ ಕಳಿಸಿದವರಿಗೆ. ಅವರ ಆಸೆಯನ್ನು ಓಂಬ್ಳೆಯವರ ಹೆಸರಿನಲ್ಲೇ ನಾವು ಈಡೇರಿಸಿದರೆ ಅದಕ್ಕಿಂತ ದೊಡ್ಡ ಅವಮಾನ ಅವರಿಗೆ ಇನ್ನೊಂದಿಲ್ಲ. ವಾಟ್ಸಾಪಿನಲ್ಲಿ ಬಂದ ಕಥೆಗಳನ್ನೂ ಹಾಗೆಯೇ ಓದಬೇಡಿ. ಒಂದರಲ್ಲಿ ಗುಂಡುಗಳ ಲೆಕ್ಕ ಒಂದು, ಇನ್ನೊಂದರಲ್ಲಿ ಇನ್ನೊಂದು. ಹೆಚ್ಚು ಗುಂಡು ಎಂದರೆ ಹೆಚ್ಚು ಶೌರ್ಯ ಎಂದು ಯಾರಿಗೆ ಅನ್ನಿಸಿತೋ. ನಡೆದದ್ದೇ ಸಾಕಷ್ಟು ದೊಡ್ಡದಾಗಿದೆ, ಅದಕ್ಕೆ ನಮ್ಮ ಬಣ್ಣ ಬೇಕಿಲ್ಲ.

ಇನ್ನೊಂದು. ಸತ್ತ ಪೊಲೀಸರನ್ನು ಗೌರವಿಸುವುದು ಸುಲಭ, ಅವರು ಏನನ್ನೂ ಕೇಳುವುದಿಲ್ಲ. ಬದುಕಿರುವವರ ಕಡೆಗೂ ನೋಡಿ. ಗಣಪತಿ ವಿಸರ್ಜನೆಯ ರಾತ್ರಿ, ಬೆಳಗಿನ ಲೋಕಲ್‌ನ ನೂಕುನುಗ್ಗಲಿನಲ್ಲಿ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಗಂಟೆಗಟ್ಟಲೆ ನಿಂತ ಹವಾಲ್ದಾರರನ್ನು, ಮಹಿಳಾ ಕಾನ್‌ಸ್ಟೇಬಲ್‌ಗಳನ್ನು ಎಷ್ಟು ಸಲ ಮುಖ ಕೊಟ್ಟು ಮಾತಾಡಿಸಿದ್ದೀರಿ? ಹಾಗೆಂದು, ಒಬ್ಬ ಓಂಬ್ಳೆಯವರ ಹೆಸರಿನಲ್ಲಿ ಇನ್ನೊಬ್ಬ ಪೊಲೀಸನ ತಪ್ಪನ್ನು ಮುಚ್ಚಬೇಡಿ. ಯಾರಾದರೂ ಲಂಚ ಕೇಳಿದರೆ, ಬಡವನ ಮೇಲೆ ಕೈ ಎತ್ತಿದರೆ, ದೂರು ಕೊಡಿ. ಖಾಕಿಯ ಮರ್ಯಾದೆಗೆ ಅದೂ ಬೇಕು.

ಊರಿನ ಕಡೆಯ ಹೆಸರುಗಳನ್ನೂ ಸೇರಿಸಿಕೊಳ್ಳಿ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ಹೊಂಚು ಹಾಕಿ ಕೊಂದದ್ದು ಎಸ್.ಪಿ. ಹರಿಕೃಷ್ಣ ಮತ್ತು ಎಸ್.ಐ. ಶಕೀಲ್ ಅಹ್ಮದ್ ಅವರನ್ನು. ಜೊತೆಗಿದ್ದ ಪೇದೆಗಳೂ ಸತ್ತರು. ಅವರ ಹೆಸರು ಎಷ್ಟು ಕನ್ನಡಿಗರ ಬಾಯಲ್ಲಿದೆ? ಕಲಬುರಗಿಯ ಪಿ.ಎಸ್.ಐ. ಮಲ್ಲಿಕಾರ್ಜುನ ಬಂಡೆ 2014ರ ಜನವರಿಯಲ್ಲಿ ರೌಡಿಯ ಗುಂಡಿಗೆ ತುತ್ತಾಗಿ, ಒಂದು ವಾರ ಸಾವಿನೊಂದಿಗೆ ಹೋರಾಡಿ ತೀರಿಕೊಂಡರು. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ದಾಳಿಗೆ ಹತ್ತು ಮಂದಿ ಪೊಲೀಸರು ಬಲಿಯಾದರು. ಅಂದಿನಿಂದ ಆ ದಿನ ದೇಶದ ಎಲ್ಲೆಡೆ ಪೊಲೀಸ್ ಹುತಾತ್ಮರ ದಿನ. ದೆಹಲಿಯ ಚಾಣಕ್ಯಪುರಿಯಲ್ಲಿರುವ ರಾಷ್ಟ್ರೀಯ ಪೊಲೀಸ್ ಸ್ಮಾರಕದ ಗೋಡೆಯ ಮೇಲೆ 34,000ಕ್ಕೂ ಹೆಚ್ಚು ಹೆಸರುಗಳಿವೆ. ಅವುಗಳಲ್ಲಿ ದೊಡ್ಡ ಹುದ್ದೆಯವರು ಕೆಲವರು. ಹೆಚ್ಚಿನವರು ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್‌ಗಳು.

ಈಗ ಕಾರ್ಯಕ್ರಮದ ಮಾತು. ಭಾಷಣ ಒಂದೇ ಸಾಕು, ಹದಿನೈದು ನಿಮಿಷದ್ದು. ಬರೆದು ಓದಿ, ಓದುವ ಮೊದಲು ಇಬ್ಬರಿಂದ ತಿದ್ದಿಸಿ. ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು ಪ್ರತಿ ಮಾಡಿ. ಪಕ್ಕದ ಬಿಲ್ಡಿಂಗುಗಳ ಮರಾಠಿ ಮನೆಗಳವರೂ ಕೂತು ಕೇಳಲಿ, ಓಂಬ್ಳೆಯವರು ಅವರ ಮಣ್ಣಿನವರು. ಪ್ರಾಣಿಶಾಸ್ತ್ರ ಓದುತ್ತಿರುವ ಹುಡುಗಿ ಆ ಜೇಡದ ಚಿತ್ರ ತೋರಿಸಿ ವಿವರಿಸಲಿ. ಚಿಕ್ಕ ಮಕ್ಕಳು ಅದನ್ನೇ ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ. ಹತ್ತಿರದ ಠಾಣೆಯಿಂದ ಯಾರನ್ನಾದರೂ ಕರೆಯುವುದಾದರೆ ಸಾಹೇಬರನ್ನಷ್ಟೇ ಕರೆದು ಶಾಲು ಹೊದೆಸಬೇಡಿ. ಬಂದೋಬಸ್ತಿಗೆ ನಿಲ್ಲುವ ಒಬ್ಬ ಕಾನ್‌ಸ್ಟೇಬಲ್‌ರನ್ನೂ ಕರೆದು ಮೊದಲ ಸಾಲಿನಲ್ಲಿ ಕೂರಿಸಿ. ಅವರಿಗೆ ಮಾತಾಡುವ ಮನಸ್ಸಿದ್ದರೆ ಮಾತಾಡಲಿ, ಇಲ್ಲದಿದ್ದರೆ ಒತ್ತಾಯ ಬೇಡ.

ಅದಕ್ಕೆ ಮುಂಚಿನ ಭಾನುವಾರ ಎಲ್ಲರೂ ಒಮ್ಮೆ ಗಿರಗಾಂವ್‌ಗೆ ಹೋಗಿ ಬನ್ನಿ. ದಾದರಿನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿದರೆ ಚರ್ನಿ ರೋಡ್. ಅಲ್ಲಿಂದ ನಡೆದರೆ ಚೌಪಾಟಿ. ಅಲ್ಲಿ ಓಂಬ್ಳೆಯವರ ಸ್ಮಾರಕವಿದೆ. ಫೋಟೋ ಆಮೇಲೆ ತೆಗೆಯಿರಿ; ಮೊದಲು ಕಾರು ಬಂದ ದಿಕ್ಕು, ಡಿವೈಡರು, ಅವರು ನಿಂತ ಜಾಗ, ನಡುವಿನ ದೂರ ನೋಡಿಕೊಳ್ಳಿ. ಭಾಷಣ ಬರೆಯುವವರು ಅದನ್ನು ಕಣ್ಣಾರೆ ಕಂಡಿರಬೇಕು. ನಾನೂ ಬರುತ್ತೇನೆ. ಬೆಳಗ್ಗೆ ಬೇಗ ಹೊರಡೋಣ, ಮೆಗಾಬ್ಲಾಕ್ ಶುರುವಾಗುವ ಮೊದಲೇ.