ಹಳೆಯ ಕಾಗದಗಳ ಸಂಗ್ರಹ ಮತ್ತು ಕಾಲನಿರ್ಣಯ

ಗಡಿನಾಡಿನ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೈಬರಹದ ಕಾಗದಗಳು ಇಂದಿಗೂ ಉಳಿದಿರಬಹುದು. ಹಿರಿಯರು ತೀರಿಕೊಂಡ ಮೇಲೆ ಇವು ರದ್ದಿಗೆ ಹೋಗುವುದೇ ಹೆಚ್ಚು. ವಿದ್ಯಾರ್ಥಿಗಳ ಮೂಲಕ ಸಂಗ್ರಹಿಸುವಾಗ ಮೂಲಪ್ರತಿಯನ್ನು ಮನೆಯಲ್ಲಿಯೇ ಬಿಟ್ಟು, ಛಾಯಾಚಿತ್ರವನ್ನಷ್ಟೇ ಶಾಲೆಗೆ ತರಿಸತಕ್ಕದ್ದು. ಕುಶಲದ ಒಕ್ಕಣೆಯ ನಡುವೆ ಸಾಲ, ಜಮೀನು, ಪಾಲಿನ ಮಾತುಗಳೂ ಇರುತ್ತವೆ. ಅವನ್ನು ತರಗತಿಯಲ್ಲಿ ಓದಬಹುದೇ ಎಂಬುದನ್ನು ಮನೆಯವರೇ ಹೇಳಬೇಕು.

ಈ ಪಾಠದ ಜೀವಾಳ ಕಾಲನಿರ್ಣಯ. ಹಲವು ಕಾಗದಗಳಲ್ಲಿ ಇಸವಿಯಿರದೆ ಸಂವತ್ಸರ, ಮಾಸ, ತಿಥಿಗಳಷ್ಟೇ ಇರುತ್ತವೆ. ಸಂವತ್ಸರವು 60 ವರ್ಷಕ್ಕೊಮ್ಮೆ ಮರಳುವುದರಿಂದ ‘ವಿಕ್ರಮ’ವೆಂದರೆ 1820–21 ಆಗಬಹುದು, 1880–81 ಆಗಬಹುದು, 1940–41 ಸಹ ಆಗಬಹುದು. ಇಲ್ಲಿ ಅಂಚೆಯ ಗುರುತುಗಳು ನೆರವಾಗುತ್ತವೆ. ಭಾರತದಾದ್ಯಂತ ಸಲ್ಲುವ ಅಂಚೆಚೀಟಿ ಬಂದದ್ದು 1854ರಲ್ಲಿ. ಕಾಲಾಣೆಯ ಕಾರ್ಡು 1879ರಲ್ಲಿ. ಆದ್ದರಿಂದ ‘ವಿಕ್ರಮ’ದ ಕಾರ್ಡು 1820ರದಾಗಲಾರದು. ಉಳಿದೆರಡರಲ್ಲಿ ಯಾವುದೆಂದು ತಿಳಿಯಲು ಕಾರ್ಡಿನಲ್ಲಿ ಅಚ್ಚಾದ ಮುಖ ವಿಕ್ಟೋರಿಯಾ ರಾಣಿಯದೋ, ಅನಂತರದ ರಾಜನದೋ ಎಂದು ನೋಡಿದರೆ ಸಾಕು. ಶಿಕ್ಷಕರು ಉತ್ತರ ಹೇಳದೆ, ಮಕ್ಕಳೇ ಈ ತರ್ಕವನ್ನು ಕಂಡುಕೊಳ್ಳುವಂತೆ ಬಿಡುವುದು ಲೇಸು. ಚೀಟಿಗಾಗಿ ಲಕೋಟೆಯನ್ನು ಕತ್ತರಿಸುವ ಹವ್ಯಾಸಕ್ಕೆ ಮಾತ್ರ ಎಡೆಗೊಡಬಾರದು; ಅಂಚೆಯ ಮುದ್ರೆಯೊಡನೆ ಊರೂ ದಿನಾಂಕವೂ ಕಳೆದುಹೋಗುತ್ತವೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಮೋಡಿ ಲಿಪಿಯ ಕಾಗದ ದೊರೆತರೆ ಪರಭಾಷೆಯದೆಂದು ಬದಿಗಿಡಬೇಡಿ; ಕನ್ನಡ ಮನೆತನಗಳ ವ್ಯವಹಾರವೂ ಆ ಲಿಪಿಯಲ್ಲಿ ನಡೆದುದುಂಟು. ಬಲ್ಲ ಹಿರಿಯರಿರುವಾಗಲೇ ಓದಿಸಿ ಬರೆದಿಡಿ. ಹರಿದ ಮಡಿಕೆಗೆ ಅಂಟುಪಟ್ಟಿ ಹಚ್ಚಕೂಡದು.