ಔಷಧಿ ಬೆರೆಸುವ ಕೈಗಳು ಬೇಕಾಗಿವೆ

ವಯಸ್ಸಾದ ಓದುಗರಿಗೆ ಕಂಪೌಂಡರ್ ನೆನಪಿರಬಹುದು. ಡಾಕ್ಟರರ ಕೋಣೆಯ ಪಕ್ಕದ ಕಿಂಡಿಯ ಹಿಂದೆ ನಿಂತು, ದೊಡ್ಡ ಶೀಶೆಯಿಂದ ಕೆಂಪು ಮಿಕ್ಸ್‌ಚರ್ ಅಳೆದು, ನಾವು ಒಯ್ದ ಬಾಟಲಿಗೆ ಸುರಿದು, ಹೊರಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಒಂದು ಹಲ್ಲು ಎಂದರೆ ಒಂದು ಹೊತ್ತಿನ ಔಷಧಿ. ಈಗ ಬಹುತೇಕ ಔಷಧಿಗಳು ಕಾರ್ಖಾನೆಯಿಂದಲೇ ಗುಳಿಗೆ, ಸಿರಪ್ ಆಗಿ ಬರುತ್ತವೆ. ಹಾಗಾದರೆ ಬೆರೆಸುವ ವಿದ್ಯೆ ಬೇಡವಾಯಿತೇ? ಇಲ್ಲ, ಅದು ಇನ್ನಷ್ಟು ನಾಜೂಕಾಗಿದೆ. ಪಿ.ಯು.ಸಿ. ಮುಗಿಸಿದ ಮಕ್ಕಳಿರುವ ಮನೆಯವರು ಈ ಮಾತನ್ನು ಗಮನಿಸಬೇಕು.

ನನ್ನದೇ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ಖಾನಾಪುರ ತಾಲ್ಲೂಕಿನ ಹಳ್ಳಿಯಿಂದ ತಾಯಿಯೊಬ್ಬಳು 5 ಕಿಲೋ ತೂಕದ ಕೂಸನ್ನು ಬೆಳಗಾವಿಗೆ, ನನ್ನ ಹತ್ತಿರ ತಂದಿದ್ದಳು. ಕೂಸಿಗೆ ಹೃದಯದ ತೊಂದರೆ. ತಜ್ಞರು ಸ್ಪೈರೊನೊಲ್ಯಾಕ್ಟೋನ್ ಔಷಧಿಯನ್ನು ದಿನಕ್ಕೆ 5 ಮಿ.ಗ್ರಾಂ. ಕೊಡಲು ಬರೆದಿದ್ದರು. ಅಂಗಡಿಯಲ್ಲಿ ಸಿಕ್ಕಿದ್ದು 25 ಮಿ.ಗ್ರಾಂ. ಗುಳಿಗೆ. "ಪುಡಿ ಮಾಡಿ ಐದು ಪಾಲು ಮಾಡವ್ವಾ" ಎಂದುಬಿಟ್ಟೆ. ಮುಂದಿನ ಸಲ ಆಕೆ ಪೊಟ್ಟಣಗಳನ್ನು ಬಿಚ್ಚಿ ತೋರಿಸಿದಳು. ಒಂದರಲ್ಲಿ ಚಿಟಿಕೆಯಷ್ಟು, ಮತ್ತೊಂದರಲ್ಲಿ ಅದರ ಎರಡರಷ್ಟು ಪುಡಿ. ಕೂಸಿಗೆ ಏನೂ ಆಗಲಿಲ್ಲ, ಅದೃಷ್ಟ. ತಪ್ಪು ತಾಯಿಯದಲ್ಲ, ನನ್ನದು.

ತರಬೇತಿ ಪಡೆದ ಫಾರ್ಮಸಿಸ್ಟ್ ಇದನ್ನೇ ಬೇರೆ ರೀತಿ ಮಾಡುತ್ತಾರೆ. ಐದು ಗುಳಿಗೆಗಳನ್ನು, ಅಂದರೆ 125 ಮಿ.ಗ್ರಾಂ. ಔಷಧಿಯನ್ನು, ಖಲ್ಬತ್ತಿನಲ್ಲಿ ನುಣ್ಣಗೆ ಅರೆದು, ತಕ್ಕ ದ್ರವದಲ್ಲಿ ಕಲಸಿ ಒಟ್ಟು 25 ಮಿ.ಲೀ. ಮಾಡುತ್ತಾರೆ. ಆಗ 1 ಮಿ.ಲೀ.ನಲ್ಲಿ ಸರಿಯಾಗಿ 5 ಮಿ.ಗ್ರಾಂ. ಇರುತ್ತದೆ. ಚೆನ್ನಾಗಿ ಅಲುಗಾಡಿಸಿ ಕೊಡಬೇಕು, ಇಂಥ ತಾರೀಖಿನ ನಂತರ ಚೆಲ್ಲಬೇಕು ಎಂದು ಚೀಟಿ ಅಂಟಿಸುತ್ತಾರೆ. ನಮ್ಮ ಭಾಗದಲ್ಲಿ ಅದನ್ನು ಕನ್ನಡದಲ್ಲೂ ಮರಾಠಿಯಲ್ಲೂ ತಿಳಿಸಿ ಹೇಳಬಲ್ಲವರು ಇನ್ನೂ ಉಪಯುಕ್ತ.

ರಕ್ತಕ್ಕೆ ಕಾವಲುಗಾರನಿಲ್ಲ

ಬಾಯಿಯಿಂದ ಹೋದ ಔಷಧಿಯಲ್ಲಿ ನಾಲ್ಕು ರೋಗಾಣು ಇದ್ದರೂ ಹೊಟ್ಟೆಯ ಆಮ್ಲ ತಡೆದೀತು. ರಕ್ತನಾಳಕ್ಕೆ ನೇರ ಹೋಗುವ ಔಷಧಿಗೆ ಅಂಥ ಕಾವಲಿಲ್ಲ. ಕ್ಯಾನ್ಸರಿನ ಚುಚ್ಚುಮದ್ದು, ದಿನ ತುಂಬದೆ ಹುಟ್ಟಿದ ಶಿಶುವಿಗೆ ರಕ್ತದ ಮೂಲಕ ಕೊಡುವ ಪೋಷಕ ದ್ರವ, ಕಣ್ಣಿನೊಳಗೆ ಚುಚ್ಚುವ ಮದ್ದು, ಇವೆಲ್ಲ ನಿರ್ಜಂತುಕವಾಗಿಯೇ ಇರಬೇಕು.

ಸಲಾಯಿನ್‌ನಂಥದನ್ನು ಒತ್ತಡದ ಹಬೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಇಟ್ಟು ಶುದ್ಧಗೊಳಿಸಬಹುದು. ಆದರೆ ಎಷ್ಟೋ ಔಷಧಿಗಳು ಬಿಸಿಗೆ ಕೆಡುತ್ತವೆ. ಅವುಗಳನ್ನು ಶುದ್ಧ ಗಾಳಿ ಒಂದೇ ದಿಕ್ಕಿಗೆ ಬೀಸುವ ಪೆಟ್ಟಿಗೆಯೊಳಗೆ ಬೆರೆಸುತ್ತಾರೆ. ಅದರ ಶೋಧಕ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ತಡೆಯುತ್ತದೆ. ಬೆರೆಸುವವರ ಕೈಗೂ ಪರೀಕ್ಷೆಯುಂಟು. ಔಷಧಿಯ ಬದಲು ರೋಗಾಣು ಬೆಳೆಯುವಂಥ ಪೋಷಕ ದ್ರವವನ್ನು ಅದೇ ರೀತಿ ಬೆರೆಸಿ, 14 ದಿನ ಬೆಚ್ಚಗಿಡುತ್ತಾರೆ. ದ್ರವ ಕದಡಿದರೆ ಆ ಕೈ ಇನ್ನೂ ಪಳಗಿಲ್ಲವೆಂದು ಅರ್ಥ.

ಇಲ್ಲಿ ಎಡವಿದರೆ ಬೆಲೆ ದೊಡ್ಡದು. 2012ರಲ್ಲಿ ಅಮೆರಿಕದ ಒಂದು ಔಷಧಿ ತಯಾರಿ ಕೇಂದ್ರದಿಂದ ಹೊರಟ, ಬೆನ್ನಿಗೆ ಕೊಡುವ ಚುಚ್ಚುಮದ್ದಿನಲ್ಲಿ ಶಿಲೀಂಧ್ರ ಸೇರಿ 60ಕ್ಕೂ ಹೆಚ್ಚು ಜನ ಸತ್ತರು. 2024ರ ನವೆಂಬರಿನಲ್ಲಿ ನಮ್ಮದೇ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿತ್ತು. ರಾಜ್ಯ ಸರಕಾರ ಆ ತಯಾರಕರ ದ್ರಾವಣದ ಬಳಕೆ ನಿಲ್ಲಿಸಿತು.

ಓದು ಎಲ್ಲಿ, ಎಷ್ಟು?

ಬೆಳಗಾವಿಗೆ ಈ ವಿದ್ಯೆ ಹೊಸದಲ್ಲ. ಸಿಡುಬು ನಿರ್ಮೂಲನದ ಕಾಲದಲ್ಲಿ ದೇಶಕ್ಕೆ ಸಿಡುಬಿನ ಲಸಿಕೆ ತಯಾರಿಸಿಕೊಟ್ಟ ಬೆರಳೆಣಿಕೆಯ ಸಂಸ್ಥೆಗಳಲ್ಲಿ ನಮ್ಮ ಊರಿನದೂ ಒಂದು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಎಂಬ ಹೆಸರು ಅದನ್ನು ಇಂದಿಗೂ ನೆನಪಿಸುತ್ತದೆ. ಕೆ.ಎಲ್.ಇ. ಫಾರ್ಮಸಿ ಕಾಲೇಜು 1968ರಲ್ಲಿ ಇಲ್ಲಿ ಆರಂಭವಾಯಿತು. ನಂತರ ಬೇರೆ ಕಾಲೇಜುಗಳೂ ಬಂದಿವೆ. ಖಾನಾಪುರದ ಮಕ್ಕಳು ಬಸ್ಸಿನಲ್ಲೋ ರೈಲಿನಲ್ಲೋ ದಿನವೂ ಬಂದು ಹೋಗುವಷ್ಟೇ ದೂರ.

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಇಲ್ಲವೆ ಗಣಿತ ಓದಿರಬೇಕು. ಡಿ.ಫಾರ್ಮ್ ಎರಡು ವರ್ಷ, ಬಿ.ಫಾರ್ಮ್ ನಾಲ್ಕು ವರ್ಷ, ಫಾರ್ಮ್.ಡಿ. ಆರು ವರ್ಷ. ಡಿ.ಫಾರ್ಮ್ ಮುಗಿಸಿದವರು ಬಿ.ಫಾರ್ಮ್‌ನ ಎರಡನೇ ವರ್ಷಕ್ಕೆ ಸೇರಬಹುದು. ಆಮೇಲೆ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿಯಾಗಬೇಕು. ಸೇರುವ ಮೊದಲು ಕಾಲೇಜಿಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇದೆಯೇ, ನಿರ್ಜಂತುಕ ತಯಾರಿಯನ್ನು ಕೈಯಾರೆ ಮಾಡಿಸುತ್ತಾರೆಯೇ ಎಂದು ಕೇಳಿ.

ಔಷಧಿ ಬೆರೆಸುವುದಕ್ಕೆಂದೇ ಪ್ರತ್ಯೇಕ ಅಂಗಡಿಗಳು ಅಮೆರಿಕದಂತೆ ನಮ್ಮಲ್ಲಿ ಬೆಳೆದಿಲ್ಲ. ಇಲ್ಲಿ ಈ ಕೆಲಸ ಇರುವುದು ಕ್ಯಾನ್ಸರ್ ವಿಭಾಗ, ಶಿಶುಗಳ ತುರ್ತು ಘಟಕವಿರುವ ದೊಡ್ಡ ಆಸ್ಪತ್ರೆಗಳಲ್ಲಿ ಮತ್ತು ಚುಚ್ಚುಮದ್ದಿನ ಕಾರ್ಖಾನೆಗಳಲ್ಲಿ. ಆರಂಭದ ಸಂಬಳ ಕಡಿಮೆಯೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸರ್ಟಿಫಿಕೇಟನ್ನು ಯಾವುದೋ ಅಂಗಡಿಯ ಗೋಡೆಗೆ ಬಾಡಿಗೆ ಕೊಟ್ಟು ಮನೆಯಲ್ಲಿ ಕೂರುವ ಆಸೆಯನ್ನೂ ಕೆಲವರು ತೋರಿಸುತ್ತಾರೆ. 1948ರ ಫಾರ್ಮಸಿ ಕಾಯ್ದೆಯಂತೆ, ವೈದ್ಯರ ಚೀಟಿಯ ಮೇಲೆ ಔಷಧಿ ಬೆರೆಸಿ ಕೊಡುವುದು ನೋಂದಾಯಿತ ಫಾರ್ಮಸಿಸ್ಟರ ಕೆಲಸ. ಆ ಹೊಣೆ ಬಾಡಿಗೆಗೆ ಕೊಡುವಂಥದ್ದಲ್ಲ.

ಮೆಡಿಕಲ್ ಸೀಟು ಸಿಗದವರ ಸಮಾಧಾನಕ್ಕೆಂದು ಈ ಓದನ್ನು ಆರಿಸಬೇಡಿ. ಲೆಕ್ಕವನ್ನು ಎರಡು ಸಲ ನೋಡುವ, ಯಾರೂ ನೋಡದಿದ್ದರೂ ಕೈ ತೊಳೆಯುವ ಮಗ ಅಥವಾ ಮಗಳು ಮನೆಯಲ್ಲಿದ್ದರೆ ಅವರಿಗೆ ಇದು ತಕ್ಕ ಕೆಲಸ.

ಮನೆಯಲ್ಲಿ ನೆನಪಿಡಿ

* ಪುಡಿ ರೂಪದ ಆಂಟಿಬಯೋಟಿಕ್ ಬಾಟಲಿಗೆ ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಮಾತ್ರ ಹಾಕಿ. ಬಾಟಲಿಯ ಮೇಲೆ ಹೇಳಿದ ದಿನಗಳ ನಂತರ ಉಳಿದದ್ದನ್ನು ಚೆಲ್ಲಿ.

* ಪ್ಯಾರಾಸಿಟಮಾಲ್ ಹನಿಗಳು ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ.; ಸಿರಪ್ಪಿನ ಒಂದು ಬಗೆ 5 ಮಿ.ಲೀ.ಗೆ 125 ಮಿ.ಗ್ರಾಂ. ಸಿರಪ್ಪಿನ ಬದಲು ಹನಿಗಳನ್ನು 5 ಮಿ.ಲೀ. ಚಮಚದಲ್ಲಿ ಕೊಟ್ಟರೆ ಕೂಸಿಗೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ. ಪ್ರತಿ ಸಲವೂ ಚೀಟಿ ಓದಿ.

* ಗುಳಿಗೆಯನ್ನು ಪಾಲು ಮಾಡಲು ಯಾರಾದರೂ, ಡಾಕ್ಟರರೇ ಆದರೂ, ಹೇಳಿದರೆ "ದ್ರವ ರೂಪದಲ್ಲಿ ಮಾಡಿಕೊಡುವವರು ಇದ್ದಾರೆಯೇ?" ಎಂದು ಸಂಕೋಚವಿಲ್ಲದೆ ಕೇಳಿ.