ಬಾತುಕೋಳಿಗಳ ಜನನಾಂಗ ರೋಗಗಳು

ಹೆಣ್ಣು ಬಾತುಕೋಳಿಯಲ್ಲಿ ಎಡಭಾಗದ ಅಂಡಾಶಯ ಮತ್ತು ಅಂಡನಾಳ ಮಾತ್ರ ಪೂರ್ಣವಾಗಿ ಬೆಳೆದು ಕೆಲಸ ಮಾಡುವುದರಿಂದ, ಆ ಒಂದು ನಾಳಕ್ಕೆ ತಗಲುವ ರೋಗ ಮೊಟ್ಟೆಯಿಡುವ ಸಾಮರ್ಥ್ಯವನ್ನೇ ಕುಂದಿಸುತ್ತದೆ. ಅಂಡನಾಳದ ಉರಿಯೂತಕ್ಕೆ ಬಹುಮಟ್ಟಿಗೆ ಇ. ಕೋಲೈ ಬ್ಯಾಕ್ಟೀರಿಯಾ ಕಾರಣವಾಗಿದ್ದು, ಸತ್ತ ಹಕ್ಕಿಯನ್ನು ಕೊಯ್ದು ನೋಡಿದಾಗ ನಾಳದೊಳಗೆ ಗಿಣ್ಣಿನಂತೆ ಗಟ್ಟಿಯಾದ ಹಳದಿ ಕೀವು ಪದರಪದರವಾಗಿ ಕಾಣಸಿಗುತ್ತದೆ. ಮೊಟ್ಟೆಯ ಹಳದಿಭಾಗವು ನಾಳವನ್ನು ಸೇರದೆ ಹೊಟ್ಟೆಯೊಳಗೆ ಬಿದ್ದು, ಕರುಳುಗಳನ್ನು ಆವರಿಸಿರುವ ತೆಳುಪೊರೆ ಊದಿಕೊಂಡರೆ ಅದು ಉದರಪೊರೆಯ ಉರಿಯೂತ. ಕ್ಯಾಲ್ಸಿಯಂ ಕೊರತೆಯಿಂದ ನಾಳದ ಸ್ನಾಯುಗಳು ಸೋತು ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದೂ ಉಂಟು.

ಬಹುಪಾಲು ಪಕ್ಷಿಗಳಲ್ಲಿಲ್ಲದ ಶಿಶ್ನವು ಗಂಡು ಬಾತುಕೋಳಿಯಲ್ಲಿದ್ದು, ಗಾಯ ಅಥವಾ ಅತಿಯಾದ ಕೂಡುವಿಕೆಯಿಂದ ಅದು ಹೊರಜಾರಿ ಒಳಸರಿಯದೆ ಒಣಗಿ ಕೊಳೆಯಬಹುದು. ಮೂತ್ರವು ಅದರ ಮೂಲಕ ಹರಿಯುವುದಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ತೆಗೆದರೂ ಹಕ್ಕಿ ಬದುಕುತ್ತದೆ. ಹರ್ಪಿಸ್ ಗುಂಪಿನ ವೈರಸ್‌ನಿಂದ ಬರುವ, 1923ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಲು ವರದಿಯಾದ ಬಾತುಕೋಳಿ ಪ್ಲೇಗ್‌ನಲ್ಲಿಯೂ ಸತ್ತ ಗಂಡುಗಳಲ್ಲಿ ಇದೇ ಜಾರುವಿಕೆ ಕಂಡುಬರುತ್ತದೆ.

ಅನೇಕರು ಎಡವುವುದು 1976ರಲ್ಲಿ ವಿವರಿಸಲಾದ 'ಎಗ್ ಡ್ರಾಪ್ ಸಿಂಡ್ರೋಮ್' ವಿಷಯದಲ್ಲಿ: ಇದರ ಅಡೆನೋವೈರಸ್‌ಗೆ ಬಾತು ಮತ್ತು ಹೆಬ್ಬಾತುಗಳು ಸಹಜ ಆಶ್ರಯದಾತರಾಗಿದ್ದರೂ ಸಾಮಾನ್ಯವಾಗಿ ಅವುಗಳಲ್ಲಿ ರೋಗಲಕ್ಷಣ ಕಾಣದು, ಆದರೆ ಕೋಳಿಗಳಲ್ಲಿ ಅದು ಚಿಪ್ಪು ಗ್ರಂಥಿಯನ್ನು ಕೆಡಿಸಿ ತೊಗಲಿನಂತಹ ಮೆತ್ತನೆಯ ಮೊಟ್ಟೆಗಳಿಗೆ ಕಾರಣವಾಗುತ್ತದೆ. ಬಾತುಕೋಳಿಗಳಲ್ಲಿಯೇ ಮೊಟ್ಟೆ ಉತ್ಪಾದನೆಯನ್ನು ಹಠಾತ್ತನೆ ಕುಸಿಯುವಂತೆ ಮಾಡಿ, ಅಂಡಾಶಯದಲ್ಲಿ ರಕ್ತಸ್ರಾವವನ್ನು ಉಂಟುಮಾಡುವುದು 2010ರಲ್ಲಿ ಚೀನಾದಲ್ಲಿ ಹರಡಿದ ಟೆಂಬುಸು ವೈರಸ್.